ತೆರೆಯದ ಸುರುಳಿಯ ಬಿಂಬರಾಶಿ: ಪಾಠವಿಮರ್ಶೆಯ ದೃಷ್ಟಿಯಿಂದ

ಕ್ರಿ.ಶ. 79ರ ವೆಸೂವಿಯಸ್ ಸ್ಫೋಟದಲ್ಲಿ ಕರಿಕಾಗಿ ಹೂತುಹೋದ ಹರ್ಕ್ಯುಲೇನಿಯಮ್ ಪಟ್ಟಣದ ಪ್ಯಾಪಿರಸ್ ಸುರುಳಿಗಳನ್ನು ಬಿಚ್ಚಹೊರಟವರ ಕೈಯಲ್ಲಿ ಎಷ್ಟೋ ಸುರುಳಿಗಳು ಪುಡಿಯಾದವು. ಬಿಚ್ಚದೆಯೇ ಓದುವ ಮಾರ್ಗ ಇತ್ತೀಚಿನದು. ಪ್ಯಾರಿಸ್ಸಿನಲ್ಲಿರುವ ಒಂದು ಸುರುಳಿಯ ಒಳಭಾಗವನ್ನು 2019ರಲ್ಲಿ ಇಂಗ್ಲೆಂಡಿನ ಡೈಮಂಡ್ ಲೈಟ್ ಸೋರ್ಸ್ ಕೇಂದ್ರದಲ್ಲಿ ಕ್ಷ-ಕಿರಣಗಳಿಂದ ಚಿತ್ರಿಸಲಾಯಿತು. 2024ರ ಫೆಬ್ರವರಿಯ ಹೊತ್ತಿಗೆ ಅದರಿಂದ ಎರಡು ಸಾವಿರಕ್ಕೂ ಮಿಕ್ಕ ಗ್ರೀಕ್ ಅಕ್ಷರಗಳು ಓದಲ್ಪಟ್ಟವು. ಈ ಸಾಧನೆಯ ಪ್ರಶಂಸೆ ಸಾಕಷ್ಟು ನಡೆದಿದೆ. ಆ ಓದು ಯಾವ ಪ್ರತಿಯನ್ನು ಆಧರಿಸಿತೆಂಬ ವಿಚಾರ ಮಾತ್ರ ಅಷ್ಟಾಗಿ ನಡೆದಿಲ್ಲ.

ಮೂಲದ ಗಾತ್ರವನ್ನು ಮೊದಲು ತಿಳಿಯಬೇಕು. ಸುರುಳಿಯ ಅಡ್ಡಕೊಯ್ತದ ಚಿತ್ರಗಳು 14,376. ಒಂದೊಂದರಲ್ಲಿ 8,096 × 7,888 ಬಿಂದುಗಳು. ಬಿಂದುವಿನ ಅಳತೆ 7.91 ಮೈಕ್ರೊಮೀಟರ್. ಬಿಂದುವಿಗೆ ಎರಡು ಬೈಟ್‌ನಂತೆ ಒಟ್ಟು ಸುಮಾರು 1.8 ಟೆರಾಬೈಟ್. ಸಾಮಾನ್ಯ ವಿದ್ವಾಂಸನ ಗಣಕಯಂತ್ರದ ಸ್ಮೃತಿಯೋ 16 ಗಿಗಾಬೈಟ್. ಇಲ್ಲಿ ಎರಡು ದಾರಿಗಳುಂಟು: ರಾಶಿಯನ್ನು ಕುಗ್ಗಿಸುವುದು, ಇಲ್ಲವೇ ರಾಶಿಯ ಜೋಡಣೆಯನ್ನು ಬದಲಿಸುವುದು.

ಎರಡನೆಯದೇ ಶ್ರೇಷ್ಠವೆಂಬುದಕ್ಕೆ ಲೆಕ್ಕವೇ ಪ್ರಮಾಣ. ಮೂರು ಮಿಲಿಮೀಟರ್ ಅಂಚಿನ ಒಂದು ಘನಭಾಗವನ್ನು ನೋಡಬೇಕಾದರೆ ಅಡ್ಡಕೊಯ್ತದ ಸುಮಾರು 380 ಚಿತ್ರಗಳನ್ನು, ಅಂದರೆ 48 ಗಿಗಾಬೈಟ್‌ನಷ್ಟನ್ನು, ಇಡಿಯಾಗಿ ತೆರೆಯಬೇಕಾಗುತ್ತದೆ. ಅದೇ ರಾಶಿಯನ್ನು ಪ್ರತಿ ಅಂಚಿಗೆ 128 ಬಿಂದುಗಳ ಘನಖಂಡಗಳಾಗಿ ವಿಂಗಡಿಸಿ ಇರಿಸಿದರೆ ಹೆಚ್ಚೆಂದರೆ 64 ಖಂಡಗಳು, ಸುಮಾರು 270 ಮೆಗಾಬೈಟ್ ಸಾಕು. ಗರಿಸಂಖ್ಯೆ ಬಲ್ಲವನು ಓಲೆಕಟ್ಟಿನಲ್ಲಿ ಬೇಕಾದ ಗರಿಯನ್ನೇ ಸರಿಸಿ ನೋಡುವ ರೀತಿಯಿದು; ಒಂದು ಅಕ್ಷರವೂ ನಷ್ಟವಾಗದು. ಇದರೊಡನೆ ಸ್ಥೂಲದಿಂದ ಸೂಕ್ಷ್ಮಕ್ಕೆ ಹಲವು ಪ್ರಮಾಣದ ಪ್ರತಿಗಳನ್ನೂ ಇಡುವ ರೂಢಿಯಿದೆ. ಮತಿಜ್ಞಾನದ ಅವಗ್ರಹ, ಈಹಾ, ಅವಾಯ, ಧಾರಣಾ ಎಂಬ ಕ್ರಮವನ್ನು ಅರಿತವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಾಗಿಲ್ಲ. ಸ್ಥೂಲಪ್ರತಿ ಅವಗ್ರಹಕ್ಕೆ ಮಾತ್ರ; ನಿರ್ಣಯಕ್ಕೆ ಅದು ಸಲ್ಲದು.

ಕುಗ್ಗಿಸುವ ದಾರಿಯ ದೋಷ ಇಲ್ಲಿಯೇ ಇದೆ. ಬಿಂದುವಿಗೆ ಒಂದೇ ಬೈಟ್ ಕೊಟ್ಟರೆ 65,536 ಛಾಯಾಭೇದಗಳು 256ಕ್ಕೆ ಇಳಿಯುತ್ತವೆ. ಮೂರೂ ದಿಕ್ಕಿನಲ್ಲಿ ಅರ್ಧಕ್ಕೆ ಇಳಿಸಿದರೆ ಎಂಟು ಬಿಂದುಗಳು ಸರಾಸರಿಯಾಗಿ ಒಂದಾಗುತ್ತವೆ. ಗಾತ್ರವೇನೋ ಇಳಿಯಿತು. ಆದರೆ ಕಾಡಿಗೆಯ ಮಸಿಯೂ ಇಂಗಾಲ, ಕರಿಕಾದ ಹಾಳೆಯೂ ಇಂಗಾಲ. ಕ್ಷ-ಕಿರಣಕ್ಕೆ ಇವೆರಡರ ಭೇದ ಅತ್ಯಲ್ಪ. 2023ರಲ್ಲಿ ಕೇಸಿ ಹ್ಯಾಂಡ್ಮರ್ ಮೊದಲು ಗುರುತಿಸಿದ್ದು ಬಣ್ಣವನ್ನಲ್ಲ, ಒಣಗಿದ ಮಸಿಯ ನವಿರಾದ ಬಿರುಕಿನ ವಿನ್ಯಾಸವನ್ನು. ಇಂಥ ಸಾಕ್ಷ್ಯವೇ ಸರಾಸರಿಯಲ್ಲಿ ಮೊದಲು ಅಳಿಯುವಂಥದು. ಕುಗ್ಗಿಸಿದ ರಾಶಿಯನ್ನು ಬಳಸಬಾರದೆಂದಲ್ಲ. ಅದನ್ನು ಮೂಲವೆಂದು ಕರೆಯಬಾರದು. ಅದು ಪ್ರತಿಯ ಪ್ರತಿ.

ಸ್ಮೃತಿಯ ಅಭಾವ ಒಂದೆಡೆ ಗುಣವಾಗಿಯೂ ಪರಿಣಮಿಸಿರುವುದು ಗಮನಾರ್ಹ. ಮಸಿಯನ್ನು ಗುರುತಿಸುವ ಯಂತ್ರಕ್ಕೆ ಒಮ್ಮೆಗೆ ಅಕ್ಷರಕ್ಕಿಂತಲೂ ಕಿರಿದಾದ ತುಣುಕನ್ನು ಮಾತ್ರ ತೋರಿಸಿದರೆ, ಇಡೀ ಅಕ್ಷರದ ಆಕಾರವನ್ನು ಕಲಿತು ಇಲ್ಲದ ಅಕ್ಷರವನ್ನು ಕಲ್ಪಿಸಿಕೊಳ್ಳುವ ಅವಕಾಶ ಅದಕ್ಕೆ ಕಡಿಮೆ. ಭಾಷೆಯನ್ನರಿಯದ ಲಿಪಿಕಾರ ಕಂಡದ್ದನ್ನು ಕಂಡಂತೆ ತಪ್ಪುತಪ್ಪಾಗಿ ಬರೆಯುತ್ತಾನೆ. ಪಂಡಿತನಾದ ಲಿಪಿಕಾರ ತಿದ್ದುತ್ತಾನೆ. ಸಂಪಾದಕನಿಗೆ ಹೆಚ್ಚು ಅಪಾಯಕಾರಿ ಎರಡನೆಯವನೇ. ಸ್ಮೃತಿ ಅಗ್ಗವಾದಂತೆ ಯಂತ್ರಕ್ಕೆ ಇಡೀ ಸಾಲನ್ನೇ ತೋರಿಸುವ ಆಸೆ ಹುಟ್ಟುವುದು ಸಹಜ. ಆಗ ಯಂತ್ರವೂ ಪಂಡಿತನಾಗುತ್ತದೆ.

ಇನ್ನೊಂದು ಅಂಶ. ಸುರುಳಿಯ ಒಂದು ಪದರನ್ನು ಬಿಡಿಸಿ ಸಮತಲಗೊಳಿಸಿ, ಅದರ ಹಿಂದುಮುಂದಿನ 65 ಸ್ತರಗಳನ್ನಷ್ಟೇ, ಅಂದರೆ ಅರ್ಧ ಮಿಲಿಮೀಟರ್‌ನಷ್ಟನ್ನು, ಓದುಗರ ಮುಂದಿಡುವ ಪದ್ಧತಿಯಿದೆ. ಯಾವುದು ಈ ಪದರು, ಯಾವುದು ಪಕ್ಕದ್ದು ಎಂಬ ತೀರ್ಮಾನ ಅಷ್ಟರಲ್ಲೇ ಆಗಿಹೋಗಿರುತ್ತದೆ. ಇದು ಸಂಪಾದನಕಾರ್ಯವೇ ಹೊರತು ಛಾಯಾಗ್ರಹಣವಲ್ಲ. ಆದ್ದರಿಂದ ಪ್ರಕಟವಾಗುವ ಪ್ರತಿಯೊಂದು ಸಂದಿಗ್ಧ ಅಕ್ಷರದ ಜೊತೆಗೆ ಅದು ಪೂರ್ಣಪ್ರಮಾಣದ ರಾಶಿಯದೋ ಕುಗ್ಗಿಸಿದ್ದರದೋ, ಯಾವ ಘನಖಂಡದ್ದು, ಎಷ್ಟನೆಯ ಸ್ತರದ್ದು ಎಂಬ ಸೂಚನೆ ಪಾಠಾಂತರದ ಅಡಿಟಿಪ್ಪಣಿಯಂತೆಯೇ ಇರತಕ್ಕದ್ದು.