ಸಾವಿಗೆ ಪೂರ್ವಜರೇ ಹೊಣೆಯೇ?

2020ರ ಸೆಪ್ಟೆಂಬರಿನಲ್ಲಿ 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ಬರೆದ ಪುಟ್ಟ ಪ್ರಬಂಧವೊಂದು ಪ್ರಕಟವಾಯಿತು. ಕೊರೋನಾ ಕಾಯಿಲೆಯನ್ನು ಉಲ್ಬಣಗೊಳಿಸುವ ಒಂದು ಡಿಎನ್‌ಎ ತುಣುಕು ಮನುಷ್ಯನ ಮೂರನೇ ವರ್ಣತಂತುವಿನಲ್ಲಿದೆ. ಸುಮಾರು 60 ಸಾವಿರ ವರ್ಷಗಳ ಹಿಂದೆ, ಈಗ ಅಳಿದುಹೋಗಿರುವ ನಿಯಾಂಡರ್ತಲ್ ಮಾನವರಿಂದ ಅದು ನಮಗೆ ಬಂತು ಎಂಬುದು ಅದರ ಸಾರ. ಕ್ರೊವೇಶಿಯಾದ ಗುಹೆಯಲ್ಲಿ ಸಿಕ್ಕಿದ ಸುಮಾರು 50 ಸಾವಿರ ವರ್ಷ ಹಳೆಯ ಎಲುಬು ಇದಕ್ಕೆ ಸಾಕ್ಷಿ.

ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿ ಈ ತುಣುಕಿದೆ. ಯುರೋಪಿನಲ್ಲಿ ಶೇ. 16ರಷ್ಟು ಮಂದಿಯಲ್ಲಿ, ಬಾಂಗ್ಲಾದೇಶದಲ್ಲಿ ಶೇ. 63ರಷ್ಟು ಮಂದಿಯಲ್ಲಿದೆ. ಆಫ್ರಿಕನ್ನರಲ್ಲಿ ಇಲ್ಲವೆಂದೇ ಹೇಳಬಹುದು.

ಈ ಶೋಧನೆಯ ಬಗ್ಗೆ ನಮ್ಮ ತಕರಾರಿಲ್ಲ. ಲೇಖಕರ ಶ್ರಮ ದೊಡ್ಡದು. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂದದ್ದೂ ನ್ಯಾಯವೇ. ಆದರೆ ಬ್ರಿಟನ್ನಿನ ಬಾಂಗ್ಲಾ ಮೂಲದವರಲ್ಲಿ ಕೊರೋನಾ ಸಾವಿನ ಅಪಾಯ ಸುಮಾರು ಎರಡು ಪಟ್ಟು ಇದ್ದುದನ್ನು ಪ್ರಬಂಧ ಈ ತುಣುಕಿನ ಪಕ್ಕದಲ್ಲೇ ತಂದಿರಿಸುತ್ತದೆ. ಓದುವವನಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಜನರ ರಕ್ತವೇ ಹಾಗೆ, ಯಾರೇನು ಮಾಡಲಾದೀತು ಎಂಬ ಸಮಾಧಾನ ಸುಲಭವಾಗಿ ಸಿಕ್ಕಿಬಿಡುತ್ತದೆ.

ಆದರೆ 2020ರ ಅದೇ ಮೊದಲ ಅಲೆಯಲ್ಲಿ ಬ್ರಿಟನ್ನಿನ ಆಫ್ರಿಕನ್ ಮೂಲದವರೂ ಬಿಳಿಯರಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಸತ್ತರು. ಅವರ ಪೂರ್ವಜರ ನಾಡಿನಲ್ಲಿ ಈ ತುಣುಕೇ ಇಲ್ಲವಲ್ಲ! ವಾಸಸ್ಥಳ, ಉದ್ಯೋಗ, ಬಡತನಗಳನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರದ ದೊಡ್ಡ ಭಾಗ ಕರಗುತ್ತದೆಂದು ಅಲ್ಲಿನ ಅಂಕಿಅಂಶ ಇಲಾಖೆಯೇ ತೋರಿಸಿತು. ಬಸ್ಸು ಓಡಿಸುವವನು, ರೋಗಿಗಳ ಆರೈಕೆ ಮಾಡುವವಳು, ಇಕ್ಕಟ್ಟಾದ ಮನೆಯಲ್ಲಿ ಮೂರು ತಲೆಮಾರಿನೊಂದಿಗೆ ಬಾಳುವವರು ಮನೆಯೊಳಗೆ ಕುಳಿತು ಕೆಲಸ ಮಾಡುವಂತಿರಲಿಲ್ಲ.

ಇನ್ನು ಆ ತುಣುಕನ್ನಾದರೂ ಕೆಟ್ಟದ್ದೆನ್ನಬಹುದೇ? ಅದನ್ನು ಹೊತ್ತವರಿಗೆ ಎಚ್‌ಐವಿ ಸೋಂಕಿನ ಅಪಾಯ ಶೇ. 27ರಷ್ಟು ಕಡಿಮೆಯೆಂದು 2022ರಲ್ಲಿ ಸ್ವತಃ ಝೆಬರ್ಗ್ ತೋರಿಸಿದರು. ಹನ್ನೆರಡನೇ ವರ್ಣತಂತುವಿನಲ್ಲಿರುವ ಇನ್ನೊಂದು ನಿಯಾಂಡರ್ತಲ್ ತುಣುಕು ಕೊರೋನಾ ಉಲ್ಬಣಿಸುವ ಅಪಾಯವನ್ನು ಸುಮಾರು ಶೇ. 22ರಷ್ಟು ತಗ್ಗಿಸುತ್ತದೆಂದು 2021ರಲ್ಲಿ ಇದೇ ಇಬ್ಬರು ಬರೆದರು. ಒಂದು ರೋಗದ ಎದುರು ಶತ್ರುವಾದದ್ದು ಇನ್ನೊಂದರ ಎದುರು ಕಾವಲುಗಾರನಾಗುತ್ತದೆ. ರೋಗನಿರೋಧಕ ಶಕ್ತಿಯ ಇತಿಹಾಸವೆಲ್ಲ ಇಂಥ ಕೊಡುಕೊಳ್ಳುವಿಕೆಯೇ.

ದಕ್ಷಿಣ ಏಷ್ಯಾದ ಆ ಅರ್ಧ ಜನರಲ್ಲಿ ನಮ್ಮ ನೆರೆಹೊರೆಯೂ ಸೇರಿದೆ. ಈಗಿನ ನಮ್ಮ ಯಾವ ಜಾತಿ, ಮತ, ದೇಶದ ಹೆಸರೂ ಹುಟ್ಟುವ ಮೊದಲೇ ಬಂದ ಆಸ್ತಿಯದು. ಅದನ್ನು ಒಂದು ಸಮುದಾಯದ ಕಳಂಕವೆನ್ನುವುದು ವಿಜ್ಞಾನಕ್ಕೂ ಅನ್ಯಾಯ, ಸತ್ತವರಿಗೂ ಅನ್ಯಾಯ. ಪೂರ್ವಜರನ್ನು ನಾವು ಬದಲಿಸಲಾರೆವು. ಇಕ್ಕಟ್ಟಿನ ಮನೆಯನ್ನು, ರಜೆ ಸಿಗದ ದುಡಿಮೆಯನ್ನು ಬದಲಿಸಬಹುದು. ಮುಂದಿನ ಸಾಂಕ್ರಾಮಿಕ ಬರುವ ಮುನ್ನ ಚರ್ಚೆಯಾಗಬೇಕಾದದ್ದು ಅದು.