ಮುಡಿಗಲ್ಲ, ಬಾಣಲೆಗೆ

ಬಿಸಿಬೇಳೆ ಭಾತಿನ ಪುಡಿಗೆ ಲವಂಗ, ಮರಾಠಿ ಮೊಗ್ಗು ಹುರಿಯುವಾಗ ಅಡುಗೆಗೆ ಹೂ ಹಾಕುತ್ತಿದ್ದೇವೆಂದು ಯಾರಿಗೂ ಅನ್ನಿಸುವುದಿಲ್ಲ. ಲವಂಗವೆಂದರೆ ಅರಳುವ ಮೊದಲೇ ಕಿತ್ತು ಒಣಗಿಸಿದ ಮೊಗ್ಗು. ಕೇಸರಿ ಹೂವಿನೊಳಗಿನ ಶಲಾಕಾಗ್ರ. ಹೂಕೋಸಂತೂ ಹೆಸರಲ್ಲೇ ಹೂವನ್ನು ಇಟ್ಟುಕೊಂಡಿದೆ. ಇವನ್ನೆಲ್ಲ ಚಪ್ಪರಿಸುವವರ ಎಲೆಗೆ ದಾಸವಾಳದ ತಂಬುಳಿ ಬಡಿಸಿ ನೋಡಿ, "ಇದು ದೇವರಿಗೆ ಏರಿಸೋ ಹೂವಲ್ವಾ?" ಎಂದು ಕೈ ಹಿಂದೆ ತೆಗೆಯುತ್ತಾರೆ. ಹೂವು ಹೂವಿನ ಹಾಗೆ ಕಾಣದಿದ್ದರೆ ತಕರಾರಿಲ್ಲ. ಎಸಳು, ಬಣ್ಣ ಕಣ್ಣಿಗೆ ಬಿದ್ದ ಕೂಡಲೇ ನಮಗೆ ಪೂಜೆ ನೆನಪಾಗುತ್ತದೆ, ಇಲ್ಲವೇ ಮುಡಿ.

ಈಚೆಗೆ ದುಬಾರಿ ಹೋಟೆಲುಗಳಲ್ಲಿ ಸಿಹಿತಿಂಡಿಯ ಮೇಲೆ ನಾಲ್ಕು ಎಸಳು ಉದುರಿಸಿ ಕೊಡುತ್ತಾರೆ. ಬಹಳ ಮಂದಿ ಅದನ್ನು ಚಮಚದಿಂದ ಪಕ್ಕಕ್ಕೆ ಸರಿಸುತ್ತಾರೆ, ಸರಿಸುವುದೇ ಸರಿ. ಹೂವಿಗೆ ಅಡುಗೆಯಲ್ಲಿ ಮಾಡಲೊಂದು ಕೆಲಸ ಇರಬೇಕು. ಒಗರೋ ಕಹಿಯೋ ಹುಳಿಯೋ ಏನಾದರೊಂದನ್ನು ಅದು ಎಲೆಗೆ ತರಬೇಕು. ನಮ್ಮ ಹಳ್ಳಿಮನೆಗಳ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಸಿಹಿಕುಂಬಳದ ಹೂವನ್ನೇ ತೆಗೆದುಕೊಳ್ಳಿ. ನಸುಕಿಗೆ ಅರಳುವ ಇದು ಬಿಸಿಲೇರುವಷ್ಟರಲ್ಲಿ ಮುದುಡುತ್ತದೆ, ಹಾಗಾಗಿ ಕೊಯ್ಯುವ ಕೆಲಸ ಬೆಳಗಿನದು. ಬುಡದಲ್ಲಿ ಪುಟ್ಟ ಮಿಡಿ ಇದ್ದರೆ ಹೆಣ್ಣು ಹೂ, ಅದನ್ನು ಮುಟ್ಟಬಾರದು. ತೆಳ್ಳನೆಯ ಉದ್ದ ತೊಟ್ಟಿನ ಮೇಲೆ ನಿಂತದ್ದು ಗಂಡು ಹೂ. ಬಳ್ಳಿಯಲ್ಲಿ ಇವೇ ಹೆಚ್ಚು. ಜೇನುನೊಣಗಳಿಗೆ ಒಂದಿಷ್ಟು ಬಿಟ್ಟು ಉಳಿದದ್ದನ್ನು ತರಬಹುದು. ಒಳಗಿನ ಕೇಸರದ ಕಂಬ ಮುರಿದು, ಇರುವೆ ಇದೆಯೇ ನೋಡಿ, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಬೇಕು. ಹಿಟ್ಟು ತೆಳುವಾಗಿರಲಿ. ದಪ್ಪ ಹಿಟ್ಟಿನೊಳಗೆ ಏನನ್ನು ಹಾಕಿದರೂ ಅದೇ ಬಜ್ಜಿ. ತೆಳು ಹಿಟ್ಟಿನಲ್ಲಾದರೆ ಅಂಚು ಹಪ್ಪಳದಂತೆ ಮುರಿಯುತ್ತದೆ, ನಡುವೆ ಹೂವಿನ ಎಳೆಯ ಹಸಿರು ಸಿಹಿ ನಾಲಿಗೆಗೆ ಸಿಗುತ್ತದೆ.

ಬಾಳೆ ಮೋತೆಗೆ, ಕರಾವಳಿಯವರ ಪೂಂಬೆಗೆ, ತಾಳ್ಮೆ ಬೇಕು. ಕೆಂಪು ಹಾಳೆ ಬಿಡಿಸಿ, ಪ್ರತಿ ಹೂವಿನೊಳಗಿನ ಗುಂಡುತಲೆಯ ಗಟ್ಟಿ ಕಡ್ಡಿಯನ್ನೂ ಬುಡದ ಪಾರದರ್ಶಕ ಪೊರೆಯನ್ನೂ ಕಿತ್ತುಹಾಕಬೇಕು. ಅವೆರಡೂ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಕೈಗೆ ಎಣ್ಣೆ ಸವರಿಕೊಳ್ಳದಿದ್ದರೆ ಸೊನೆಯ ಕಪ್ಪು ಬೆರಳಿಗೆ ಹತ್ತುತ್ತದೆ. ಹೆಚ್ಚಿದ್ದನ್ನು ಕೂಡಲೇ ಮಜ್ಜಿಗೆ ನೀರಿಗೆ ಹಾಕಬೇಕು, ಗಾಳಿ ತಾಗಿದರೆ ಕಪ್ಪಾಗುತ್ತದೆ. ಆದರೆ ಒಗರನ್ನು ಪೂರ್ತಿ ತೊಳೆದುಬಿಡಬೇಡಿ. ಪಲ್ಯದಲ್ಲಿ ಕಾಯಿತುರಿಯ ಸಿಹಿಗೆ ಎದುರು ನಿಲ್ಲುವುದು ಆ ಒಗರೇ.

ಕೆಂಪು ಕೇಪಳ ಹೂವಿನ ಜೇನು ಹೀರದ ಮಲೆನಾಡಿನ ಮಕ್ಕಳು ಕಡಿಮೆ. ಅದೇ ಹೂವನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನಕಾಯಿಯೊಂದಿಗೆ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಊಟದ ಮೊದಲ ತುತ್ತಿಗೆ ಅದು ಬೇಕು. ನುಗ್ಗೆ ಹೂವಿನ ಪಲ್ಯ, ಹುಣಸೆ ಹೂವಿನ ಚಟ್ನಿ ಬಯಲುಸೀಮೆಯವರ ಭಾಗ್ಯ.

ಹಾಗೆಂದು ಕಂಡ ಹೂವಿಗೆಲ್ಲ ಬಾಯಿ ಹಾಕುವಂತಿಲ್ಲ. ಪೂಜೆಗೆ ಸಲ್ಲುವ ಕಣಗಿಲೆ ಹೃದಯಕ್ಕೆ ವಿಷ. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ನೈವೇದ್ಯ, ಪ್ರಸಾದಗಳಲ್ಲಿ ಅದನ್ನು ಬಳಸುವುದನ್ನೇ ನಿಲ್ಲಿಸಿತು. ದತ್ತೂರಿಯೂ ವಿಷವೇ. ಮಾರುಕಟ್ಟೆಯ ಗುಲಾಬಿಯಲ್ಲಿ ಗುಲ್ಕಂದ್ ಮಾಡುವ ಆಸೆಯೂ ಬೇಡ, ಮಾಲೆಗೆಂದು ಬೆಳೆದ ಹೂವಿಗೆ ಹೊಡೆಯುವ ಔಷಧಿ ಹೊಟ್ಟೆಗೆ ಹೋಗುವಂಥದ್ದಲ್ಲ. ಮನೆಯಂಗಳದ್ದು, ಹೆಸರು ಖಚಿತವಾಗಿ ಗೊತ್ತಿದ್ದದ್ದು ಮಾತ್ರ ಒಲೆಗೆ ಬರಲಿ.

ಯುಗಾದಿಯಂದು ಬೇವಿನ ಹೂವನ್ನು ಬೆಲ್ಲದೊಂದಿಗೆ ನುಂಗಿ ಮರೆಯುವವರಿಗೆ ಒಂದು ಮಾತು. ಆಗ ಮರದಡಿ ಬಟ್ಟೆ ಹಾಸಿದರೆ ಹೂವು ತಾನಾಗಿ ಉದುರುತ್ತದೆ. ನೆರಳಲ್ಲಿ ಒಣಗಿಸಿ ಡಬ್ಬಿಯಲ್ಲಿ ಇಡಿ. ಬೇಕಾದಾಗ ಒಂದು ಚಮಚ ತುಪ್ಪದಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಕಪ್ಪಾಗುವ ಮೊದಲು ಹುಳಿ ಮುಂದಾದ ತಿಳಿಸಾರಿಗೆ ಸುರಿಯಿರಿ. ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ಬಡಿಸಿ.