ಅಲುಗಾಡದಿದ್ದರೆ ಸಾಕೇ? ಟ್ರಾವೆಲ್ ಟ್ರೇಲರಿನ ಮೆಟ್ಟಿಲನ್ನು ಕುರಿತು

ಅಮೆರಿಕದ ಟ್ರಾವೆಲ್ ಟ್ರೇಲರುಗಳ ಲೋಕದಲ್ಲಿ ಈಚಿನ ವರ್ಷಗಳಲ್ಲಿ ಯಾರೂ ಎದುರಾಡದಂಥ ಹೆಸರು ಗಳಿಸಿದ ಬಿಡಿಭಾಗ ಯಾವುದಾದರೂ ಇದ್ದರೆ, ಅದು ನೆಲಕ್ಕೆ ಕಾಲೂರಿ ನಿಲ್ಲುವ ಮಡಚು ಮೆಟ್ಟಿಲು. ಲಿಪ್ಪರ್ಟ್ ಕಂಪನಿಯ ಸಾಲಿಡ್‌ಸ್ಟೆಪ್, ಮೋರೈಡ್ ಕಂಪನಿಯ ಸ್ಟೆಪ್‌ಅಬೋವ್ ಈ ಬಗೆಯಲ್ಲಿ ಹೆಸರಾದವು. ಎರಡೂ ಟ್ರೇಲರ್ ಉದ್ಯಮದ ತವರಾದ ಇಂಡಿಯಾನಾದ ಎಲ್ಕಾರ್ಟ್‌ನವು. ಹಳೆಯ ಮೆಟ್ಟಿಲು ಬಾಗಿಲ ಕೆಳಗೆ ಚಾಸಿಗೆ ತೂಗಿಕೊಂಡಿರುತ್ತಿತ್ತು. ಕಾಲಿಟ್ಟರೆ ಬಾಗುತ್ತಿತ್ತು, ತೆಗೆದರೆ ಚಿಮ್ಮುತ್ತಿತ್ತು. ಹೊಸದು ಬಾಗಿಲ ಚೌಕಟ್ಟಿನಿಂದ ಬಿಚ್ಚಿಕೊಂಡು ತನ್ನದೇ ಕಾಲುಗಳ ಮೇಲೆ ನಿಲ್ಲುತ್ತದೆ. ಇದು ಬಂದ ಮೇಲೆ ಬೀಳುವ ಭಯ ಮುಗಿಯಿತು ಎಂಬ ಮಾತು ಮಾರುವವರಿಂದ ಕೊಳ್ಳುವವರಿಗೆ, ಕೊಂಡವರಿಂದ ಕೊಳ್ಳಲಿರುವವರಿಗೆ ಹರಡಿದೆ. ಈ ಹೆಸರಿನಲ್ಲಿ ಅರ್ಧ ಮಾತ್ರ ಗಳಿಸಿದ್ದು, ಉಳಿದರ್ಧ ಸುಮ್ಮನೆ ಸಿಕ್ಕಿದ್ದು ಎಂಬುದು ನನ್ನ ವಾದ. ನಿಂತಿರುವುದು ಅಲುಗಾಟ. ಬೀಳಿಸುವ ಕಾರಣಗಳು ಇದ್ದಲ್ಲೇ ಇವೆ. ಕೆಲವು ಹೆಚ್ಚಿವೆ ಕೂಡ.

ಮೆಟ್ಟಿಲ ಶಾಸ್ತ್ರದ ಮೊದಲ ಪಾಠಗಳನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಏರು, ಅಂದರೆ ಒಂದೊಂದು ಮೆಟ್ಟಿಲಿನ ಎತ್ತರ, ಮತ್ತು ಹೆಜ್ಜೆ, ಅಂದರೆ ಪಾದವಿಡುವ ಜಾಗದ ಆಳ, ಇವುಗಳ ಲೆಕ್ಕವನ್ನು 17ನೇ ಶತಮಾನದಲ್ಲೇ ಫ್ರೆಂಚ್ ವಾಸ್ತುಶಿಲ್ಪಿ ಬ್ಲೋಂಡೆಲ್ ಮಾಡಿಟ್ಟಿದ್ದಾನೆ. ಜಾನ್ ಟೆಂಪ್ಲರ್ 1992ರಲ್ಲಿ ತಂದ ಎರಡು ಸಂಪುಟಗಳ ‘ದ ಸ್ಟೇರ್‌ಕೇಸ್’ ಗ್ರಂಥದ ಎರಡನೆಯ ಸಂಪುಟ ಬೀಳುವಿಕೆಗೇ ಮೀಸಲು. ಹತ್ತುವುದಕ್ಕಿಂತ ಇಳಿಯುವುದು ಅಪಾಯ, ಮೆಟ್ಟಿಲ ಸಾಲಿನ ನಡುವಿಗಿಂತ ಅದರ ಎರಡು ತುದಿಗಳು ಅಪಾಯ. ಇಷ್ಟನ್ನು ಒಪ್ಪಿಕೊಂಡೇ ಮುಂದೆ ಹೋಗೋಣ.

ಹೊಸ ಮೆಟ್ಟಿಲಿಗೆ ಸಲ್ಲಬೇಕಾದದ್ದು ಸಲ್ಲಲಿ. ಚಿಮ್ಮುವ ಮೆಟ್ಟಿಲು ಮಂಡಿ ನೋವಿರುವವರಿಗೆ ಹಿಂಸೆ, ಅದು ಹೋಯಿತು. ಪಾದವಿಡುವ ಹಲಗೆ ಅಗಲವಾಯಿತು. ಚಾಸಿಯಡಿ ಕೆಸರು ಮೆತ್ತಿಸಿಕೊಂಡು ತುಕ್ಕು ಹಿಡಿಯುತ್ತಿದ್ದ ಕೀಲುಗಳ ಕಾಟವೂ ತಪ್ಪಿತು. ಇದಕ್ಕಿಂತ ಹೆಚ್ಚಿನ ಹೊಗಳಿಕೆ ಬೇಕಾದರೆ ಅದರ ಕಾಲುಗಳನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ನೋಡಿದರೆ ಹೊಗಳಿಕೆ ಅಲ್ಲಿಗೇ ನಿಲ್ಲುತ್ತದೆ.

ಈ ಮೆಟ್ಟಿಲಿನ ಹಲಗೆಗಳ ನಡುವಿನ ಅಂತರ ಕಾರ್ಖಾನೆಯಲ್ಲೇ ನಿಗದಿಯಾದದ್ದು. ನಮ್ಮ ಕೈಯಲ್ಲಿರುವುದು ಕೆಳತುದಿಯ ಕಾಲುಗಳ ಉದ್ದ ಮಾತ್ರ. ಹೊಸ್ತಿಲಿನಿಂದ ಎಂಟೆಂಟು ಇಂಚಿಗೆ ಒಂದರಂತೆ ಮೂರು ಹಲಗೆಗಳಿವೆ ಎಂದುಕೊಳ್ಳಿ. ಹೊಸ್ತಿಲು ನೆಲದಿಂದ 32 ಇಂಚು ಎತ್ತರದಲ್ಲಿದ್ದರೆ ಕೊನೆಯ ಹಲಗೆಯಿಂದ ನೆಲಕ್ಕೆ ಉಳಿಯುವುದು ಇನ್ನೊಂದು ಎಂಟು. ನಾಲ್ಕು ಏರುಗಳೂ ಸಮ. ಇದಕ್ಕಿಂತ ಒಳ್ಳೆಯ ಮೆಟ್ಟಿಲು ಬೇಡ. ಜಾಹೀರಾತಿನ ಚಿತ್ರ ತೆಗೆಯುವುದು ಕಾಂಕ್ರೀಟು ನೆಲದ ಮೇಲಿನ ಈ ಸ್ಥಿತಿಯಲ್ಲೇ. ಈಗ ಅದೇ ಟ್ರೇಲರನ್ನು ಇಳಿಜಾರಿನ ಕ್ಯಾಂಪಿಗೆ ಒಯ್ಯಿರಿ. ಬಾಗಿಲ ಬದಿಯ ನೆಲ ತಗ್ಗಾಗಿದೆ. ಒಳಗೆ ಮಲಗಿದವರು ಉರುಳಬಾರದು, ಸಿಂಕಿನ ನೀರು ಸರಿಯಾಗಿ ಇಳಿಯಬೇಕು. ಅದಕ್ಕಾಗಿ ಆ ಬದಿಯ ಚಕ್ರಗಳಡಿ ದಿಮ್ಮಿ ಕೊಟ್ಟು ಟ್ರೇಲರನ್ನು ಮಟ್ಟ ಮಾಡುತ್ತಾರೆ. ಒಳಗಿನ ನೆಲ ಮಟ್ಟವಾದ ಆ ಗಳಿಗೆಯಲ್ಲೇ ಹೊಸ್ತಿಲು ಹೊರಗಿನ ನೆಲದಿಂದ 36 ಇಂಚು ಮೇಲಕ್ಕೆ ಹೋಗಿರುತ್ತದೆ. ಮೇಲಿನ ಮೂರು ಏರು ಎಂಟೆಂಟರಲ್ಲೇ ಇವೆ. ಹೆಚ್ಚಿನ ನಾಲ್ಕೂ ಇಂಚು ಕಟ್ಟಕಡೆಯ ಏರಿನ ಮೇಲೆ ಬಿದ್ದು ಅದು ಹನ್ನೆರಡಾಗಿದೆ. ಎದುರು ಬದಿ ತಗ್ಗಾಗಿರುವ ಜಾಗಕ್ಕೆ ಹೋದರೆ ಅದೇ ಕೊನೆಯ ಏರು ನಾಲ್ಕಕ್ಕೆ ಇಳಿಯಬಹುದು.

ಹೀಗೆ ಜಾಗದಿಂದ ಜಾಗಕ್ಕೆ ಬದಲಾಗುವ ಏರುಪೇರನ್ನೆಲ್ಲ ಈ ರಚನೆ ಒಂದೇ ಏರಿಗೆ ತಳ್ಳುತ್ತದೆ. ಆ ಏರು ಇರುವುದೋ, ಬೀಳುವವರು ಹೆಚ್ಚಾಗಿ ಬೀಳುವ ತುದಿಯಲ್ಲಿ. ಕಾಲಿನ ಉದ್ದ ಸರಿಪಡಿಸುವ ಸೌಕರ್ಯವನ್ನೇ ಮೆಟ್ಟಿಲ ದೊಡ್ಡ ಗುಣವೆಂದು ಹೊಗಳುತ್ತಾರೆ. ಆದರೆ ಆ ಸೌಕರ್ಯ ಮೆಟ್ಟಿಲನ್ನು ನೆಲಕ್ಕೆ ಮುಟ್ಟಿಸುತ್ತದೆ, ಅಷ್ಟೇ. ಏರುಗಳನ್ನು ಸಮ ಮಾಡುವುದಿಲ್ಲ. ಮುಟ್ಟಿಸಿದ್ದರಿಂದ ಎಲ್ಲವೂ ಸರಿಯಾಗಿದೆ ಎಂಬ ನಂಬಿಕೆ ಹುಟ್ಟುತ್ತದೆ. ಅಲುಗಾಡುತ್ತಿದ್ದ ಮೆಟ್ಟಿಲಿನ ಮೇಲೆ ಜನ ಕಣ್ಣಿಟ್ಟು ಇಳಿಯುತ್ತಿದ್ದರು. ಗಟ್ಟಿ ನಿಂತ ಮೆಟ್ಟಿಲು ಕಣ್ಣನ್ನು ಬಿಡುಗಡೆ ಮಾಡುತ್ತದೆ, ಕಾಲು ತನ್ನ ಲೆಕ್ಕದಲ್ಲಿ ಸಾಗುತ್ತದೆ. ಆ ಲೆಕ್ಕ ಸರಳ: ಮೊದಲ ಎರಡು ಏರು ಎಷ್ಟಿದ್ದವೋ ಉಳಿದವೂ ಅಷ್ಟೇ. ಎಂಟು, ಎಂಟು, ಎಂಟು ಇಳಿದ ಕಾಲು ನಾಲ್ಕನೆಯ ಎಂಟಿಗೆ ನೆಲ ಹುಡುಕುತ್ತದೆ. ನೆಲ ಇನ್ನೂ ನಾಲ್ಕು ಇಂಚು ಕೆಳಗಿದೆ. ಅಷ್ಟರಲ್ಲಿ ಮೈಯ ಭಾರ ಮುಂದಕ್ಕೆ ದಾಟಿಬಿಟ್ಟಿರುತ್ತದೆ.

ಇಷ್ಟು ಸಣ್ಣ ಅಂತರ ಯಾರನ್ನು ಬೀಳಿಸೀತು ಎನ್ನುವವರು ಬ್ರೂಕ್ಲಿನ್ನಿನ 36ನೇ ಬೀದಿ ಸಬ್‌ವೇ ನಿಲ್ದಾಣವನ್ನು ನೆನೆಯಲಿ. ಅಲ್ಲಿನ ಒಂದೇ ಒಂದು ಮೆಟ್ಟಿಲು ಉಳಿದವಕ್ಕಿಂತ ಇಂಚಿನ ಒಂದು ಅಂಶದಷ್ಟು ಎತ್ತರವಾಗಿತ್ತು. 2012ರಲ್ಲಿ ಚಲನಚಿತ್ರಕಾರ ಡೀನ್ ಪೀಟರ್ಸನ್ ಕ್ಯಾಮೆರಾ ಇಟ್ಟು ತೋರಿಸಿದ: ಕಚೇರಿಗೆ ಹೋಗುವವರು, ಮಗುವನ್ನೆತ್ತಿಕೊಂಡವರು, ಗಟ್ಟಿಮುಟ್ಟಾದ ಯುವಕರು, ಒಬ್ಬರ ಹಿಂದೊಬ್ಬರು ಅದೇ ಮೆಟ್ಟಿಲಲ್ಲಿ ಎಡವಿದರು. ಎಡವಿದವರೆಲ್ಲ ಅಜಾಗರೂಕರೇನಲ್ಲ, ಅವರ ಕಾಲು ಕಲಿತ ಲೆಕ್ಕಕ್ಕೆ ಆ ಮೆಟ್ಟಿಲು ಮೋಸ ಮಾಡಿತ್ತು. ಅಮೆರಿಕದ ಮನೆಗಳಿಗೆ ಮಾದರಿಯಾಗಿರುವ ವಸತಿ ಕಟ್ಟಡ ಸಂಹಿತೆ ಒಂದು ಸಾಲಿನ ಅತಿ ಎತ್ತರದ ಏರಿಗೂ ಅತಿ ತಗ್ಗಿನ ಏರಿಗೂ 3/8 ಇಂಚಿಗಿಂತ ಹೆಚ್ಚು ಅಂತರ ಇರಕೂಡದು ಎನ್ನುವುದು ಇದೇ ಕಾರಣಕ್ಕೆ. ಟ್ರೇಲರಿನ ಮೆಟ್ಟಿಲು ಆ ಮಿತಿಯನ್ನು ಮೀರುವುದಷ್ಟೇ ಅಲ್ಲ, ಹತ್ತು ಪಟ್ಟು ಮೀರಿಯೂ ‘ಸಾಲಿಡ್’ ಎನಿಸಿಕೊಳ್ಳುತ್ತದೆ.

ಇಲ್ಲಿ ಕಾನೂನಿನ ಒಂದು ಬಿರುಕೂ ಇದೆ. ಟ್ರೇಲರು ಕಟ್ಟಡವಲ್ಲ, ವಾಹನ. ವಸತಿ ಸಂಹಿತೆಯ 7¾ ಇಂಚಿನ ಏರಿನ ಮಿತಿ, 10 ಇಂಚಿನ ಹೆಜ್ಜೆ, ನಾಲ್ಕು ಏರಿದ್ದರೆ 34ರಿಂದ 38 ಇಂಚು ಎತ್ತರದ ಕೈಹಿಡಿ, ಇವು ಯಾವುವೂ ಅದಕ್ಕೆ ಅನ್ವಯಿಸುವುದಿಲ್ಲ. ಈ ವಾಹನಗಳಿಗೆಂದೇ ಇರುವ ಎನ್‌ಎಫ್‌ಪಿಎ 1192 ಮಾನಕದ ಒತ್ತು ಗ್ಯಾಸು, ಬೆಂಕಿ, ನೀರಿನ ಕೊಳವೆಗಳ ಮೇಲೆ. ಆದರೆ ಈ ಟ್ರೇಲರುಗಳೊಳಗೆ ಜನ ತಿಂಗಳುಗಟ್ಟಲೆ ಬಾಳುತ್ತಾರೆ, ದಿನಕ್ಕೆ ಎಷ್ಟೋ ಸಲ ಹತ್ತಿ ಇಳಿಯುತ್ತಾರೆ. ಬಾಳುವುದು ಮನೆಯಂತೆ, ಮೆಟ್ಟಿಲು ಮಾತ್ರ ವಾಹನದ್ದು. ದೋಷದ ಬೇರು ಇಲ್ಲಿದೆ.

ಇನ್ನು ಮೇಲ್ತುದಿ. ಟ್ರೇಲರಿನ ಬಾಗಿಲು ಹೊರಕ್ಕೆ ತೆರೆಯುತ್ತದೆ, ಅಂದರೆ ಮೆಟ್ಟಿಲ ಮೇಲೆಯೇ ಬೀಸುತ್ತದೆ. ಹತ್ತುವವರು ಎರಡನೆಯ ಹಲಗೆಯ ಮೇಲೆ ನಿಂತು ಬಾಗಿಲನ್ನು ತಮ್ಮತ್ತ ಎಳೆದುಕೊಂಡು, ಅದಕ್ಕೆ ದಾರಿ ಬಿಡಲು ಹಿಂದಕ್ಕೆ ವಾಲಬೇಕು. ಹಿಂದೆ ಏನೂ ಇಲ್ಲ. ಮನೆಗಳಲ್ಲಾದರೆ ಹೊರಬಾಗಿಲು ಮೆಟ್ಟಿಲ ಮೇಲೆ ಬೀಸುವಂತಿದ್ದರೆ ಬಾಗಿಲ ಮುಂದೆ ನಿಲ್ಲುವ ಜಾಗ ಬೇಕು ಎನ್ನುತ್ತದೆ ಅದೇ ಸಂಹಿತೆ. ನಮ್ಮ ಹಳ್ಳಿಯ ಮನೆಗಳ ಜಗುಲಿ ಮಾಡುವ ಕೆಲಸವೂ ಇದೇ: ಹೊಸ್ತಿಲಿಗೂ ಮೆಟ್ಟಿಲಿಗೂ ನಡುವೆ ಎರಡು ಕಾಲೂರಿ ನಿಂತು ಸುಧಾರಿಸಿಕೊಳ್ಳುವ ಜಾಗ ಕೊಡುವುದು. ಟ್ರೇಲರಿಗೆ ಅದಿಲ್ಲ. ಹೊಸ ಮೆಟ್ಟಿಲು ಇದಕ್ಕೆ ಇನ್ನೊಂದು ತೊಡಕು ಸೇರಿಸಿದೆ. ಮಡಚಿದಾಗ ಅದು ನಿಲ್ಲುವುದು ಬಾಗಿಲ ಬಾಯಲ್ಲೇ. ಒಳಗಿದ್ದವರು ಬೆಳಿಗ್ಗೆ ಹೊರಬರಬೇಕೆಂದರೆ ತೆರೆದ ಬಾಗಿಲಲ್ಲಿ, ಎರಡು ಮೂರು ಅಡಿ ಪಾತಾಳದ ಅಂಚಿನಲ್ಲಿ ಮುಂದಕ್ಕೆ ಬಾಗಿ ಅದನ್ನು ಹೊರಕ್ಕೆ ತಳ್ಳಬೇಕು. ಹಳೆಯ ಮೆಟ್ಟಿಲಿನಲ್ಲಿ ಈ ಗಂಡಾಂತರ ಇಷ್ಟಿರಲಿಲ್ಲ.

ಈಗ ಕೈಯ ಮಾತು. ಬಾಗಿಲ ಪಕ್ಕ ಮಡಚುವ ಹಿಡಿಕೆಯೊಂದು ಇರುತ್ತದೆ, ಸಾಮಾನ್ಯವಾಗಿ ಒಂದೇ ಬದಿ. ಹತ್ತುವವರಿಗೆ ಅದು ಎದುರಿಗೇ ಸಿಗುತ್ತದೆ. ಇಳಿಯುವವರು ಮೂರನೆಯ ಹಲಗೆಗೆ ಬರುವಷ್ಟರಲ್ಲಿ ಅದು ಬೆನ್ನ ಹಿಂದಾಗಿರುತ್ತದೆ. ಅಪಾಯ ಕೆಳತುದಿಯಲ್ಲಿ, ಹಿಡಿಕೆ ಮೇಲ್ತುದಿಯಲ್ಲಿ. ಹೊಸ್ತಿಲಿನಿಂದ ನೆಲದವರೆಗೆ ಎಡೆಬಿಡದೆ ಸಾಗುವ, ಅಂಗೈ ಸುತ್ತಿಕೊಳ್ಳಬಲ್ಲ ಕೈಹಿಡಿ ಎರಡೂ ಬದಿ ಇರಬೇಕಿತ್ತು. ಅಂಥವನ್ನು ಬೇಕಾದವರು ಬೇರೆಯಾಗಿ ಕೊಂಡು ಜೋಡಿಸಿಕೊಳ್ಳಬೇಕು. ಬೀಳುವುದನ್ನು ತಡೆಯುವ ಭಾಗ ಐಚ್ಛಿಕವಾಗಿ, ಅಲುಗಾಟ ತಡೆಯುವ ಭಾಗ ಹೆಮ್ಮೆಯ ವಿಷಯವಾದದ್ದು ಈ ಉದ್ಯಮದ ಆದ್ಯತೆಗಳ ಬಗ್ಗೆ ಸಾಕಷ್ಟು ಹೇಳುತ್ತದೆ.

ಇಲ್ಲಿಂದ ನನ್ನ ಜಗಳ ಮೆಟ್ಟಿಲಿಗಿಂತ ಅದರ ವಿಮರ್ಶಕರ ಮೇಲೆ. ಮೊದಲನೆಯವರು ವಿಡಿಯೊ ವಿಮರ್ಶಕರು. ಅವರ ಪರೀಕ್ಷೆ ಒಂದೇ: ಮೆಟ್ಟಿಲ ಮೇಲೆ ಕುಣಿದು, ಟ್ರೇಲರು ಅಲುಗಲಿಲ್ಲ ಎಂದು ತೋರಿಸುವುದು. ಮೆಟ್ಟಿಲ ಮೇಲೆ ಯಾರೂ ಕುಣಿಯುವುದಿಲ್ಲ; ಇಳಿಯುತ್ತಾರೆ. ರಾತ್ರಿ, ನಿದ್ದೆಗಣ್ಣಿನಲ್ಲಿ, ಕೈಯಲ್ಲಿ ತಟ್ಟೆ ಹಿಡಿದು ಅಥವಾ ನಾಯಿಯ ಹಗ್ಗ ಹಿಡಿದು. ನಾನು ನೋಡಿದ ವಿಡಿಯೊಗಳಲ್ಲಿ ಕೊನೆಯ ಏರಿಗೆ ಟೇಪು ಹಿಡಿದವರನ್ನು ಕಾಣಲಿಲ್ಲ.

ಎರಡನೆಯವರು ಜಾಗರೂಕತೆಯ ಉಪದೇಶಕರು. ಮೂರು ಕಡೆ ಆಧಾರವಿರಲಿ, ಎರಡು ಕಾಲು ಒಂದು ಕೈ ಅಥವಾ ಎರಡು ಕೈ ಒಂದು ಕಾಲು ಎಂದೂ ಬಿಡಬೇಡಿ ಎನ್ನುತ್ತಾರೆ. ಟ್ರಕ್ಕಿನ ಕ್ಯಾಬಿನ್ನಿಗೆ, ಏಣಿಗೆ ಹುಟ್ಟಿದ ಒಳ್ಳೆಯ ನಿಯಮ ಅದು. ಟ್ರಕ್ ಚಾಲಕ ಖಾಲಿ ಕೈಯಲ್ಲಿ ಟ್ರಕ್ಕಿನ ಕಡೆ ಮುಖ ಮಾಡಿ ಇಳಿಯುತ್ತಾನೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿರುವ ಮಗನ ಮನೆಗೆ ಬಂದು, ಬೇಸಿಗೆಯಲ್ಲಿ ಬಾಡಿಗೆ ಟ್ರೇಲರಿನಲ್ಲಿ ಯೆಲ್ಲೊಸ್ಟೋನ್ ನೋಡಲು ಹೊರಡುವ ಮೈಸೂರಿನ ತಾಯಿಗೆ ಈ ನಿಯಮ ಹೇಗೆ ಒದಗೀತು? ಸೀರೆಯ ನಿರಿಗೆ ಕಾಲಿಗೆ ಸಿಗದಂತೆ ಒಂದು ಕೈ ಅದನ್ನು ಹಿಡಿದಿರುತ್ತದೆ. ಇನ್ನೊಂದು ಕೈ ಸೊಳ್ಳೆಪರದೆಯ ಬಾಗಿಲನ್ನು ತಳ್ಳುತ್ತಿರುತ್ತದೆ. ಪ್ರೋಗ್ರೆಸಿವ್ ಕನ್ನಡಕದ ಕೆಳಭಾಗದಲ್ಲಿ ನೆಲ ಮಸುಕು. ಅವರಿಗೆ ‘ಜೋಪಾನ’ ಎನ್ನುವುದು ಪ್ರೀತಿಯ ಮಾತು ನಿಜ. ಆದರೆ ಅದನ್ನೇ ಸುರಕ್ಷತೆಯೆಂದು ಮಾರುವವರು ಮೆಟ್ಟಿಲ ತಪ್ಪನ್ನು ಬಿದ್ದವರ ತಲೆಗೆ ಕಟ್ಟುತ್ತಾರೆ. ಕೆನಡಾದ ಮೆಟ್ಟಿಲು ಸುರಕ್ಷತಾ ತಜ್ಞ ಜೇಕ್ ಪಾಲ್ಸ್ ದಶಕಗಳ ಕಾಲ ಮನೆಗಳ ಮೆಟ್ಟಿಲಿಗೆ ಏಳು ಇಂಚಿನ ಏರು, ಹನ್ನೊಂದು ಇಂಚಿನ ಹೆಜ್ಜೆ ಬೇಕೆಂದು ವಾದಿಸಿದ್ದು ಈ ಮನೋಭಾವದ ವಿರುದ್ಧವೇ. ಬದಲಾಗಬೇಕಾದದ್ದು ಮೊದಲು ಮೆಟ್ಟಿಲು, ಆಮೇಲೆ ಮನುಷ್ಯ.

ಮೂರನೆಯವರು ವಿನ್ಯಾಸದ ರಸಿಕರು. ನ್ಯೂಯಾರ್ಕಿನ ಆಧುನಿಕ ಕಲೆಯ ಸಂಗ್ರಹಾಲಯದಲ್ಲಿ ಏರ್‌ಸ್ಟ್ರೀಮ್‌ನ ಬ್ಯಾಂಬಿ ಟ್ರೇಲರಿಗೆ ಜಾಗ ಸಿಕ್ಕಿದೆ. ಅದರ ಅಲ್ಯೂಮಿನಿಯಂ ಮೈಯ ಹೊಳಪು, ಗಾಳಿ ಸೀಳುವ ಬಾಗು ಇವರಿಗೆ ಬಾಯಿಪಾಠ. ಆದರೆ ಆ ವಂಶದ ಚರಿತ್ರೆಯಲ್ಲಿ ನನಗೆ ಮುಖ್ಯವೆನಿಸುವ ಬದಲಾವಣೆ ಬೇರೆ. ಹಾಲಿ ಬೌಲಸ್ 1934ರಲ್ಲಿ ತಂದ ರೋಡ್ ಚೀಫ್ ಟ್ರೇಲರಿನ ಬಾಗಿಲು ಮುಂಭಾಗದಲ್ಲಿತ್ತು. ಕಾರಿಗೆ ಕಟ್ಟುವ ನೊಗದ ಕಬ್ಬಿಣವನ್ನು ದಾಟಿಯೇ ಒಳಹೋಗಬೇಕಿತ್ತು. ಏರ್‌ಸ್ಟ್ರೀಮ್‌ನ ಸ್ಥಾಪಕ ವಾಲಿ ಬೈಯಮ್ 1936ರ ಕ್ಲಿಪ್ಪರ್ ಮಾಡುವಾಗ ಹೆಚ್ಚುಕಡಿಮೆ ಅದೇ ಆಕಾರವನ್ನು ಉಳಿಸಿಕೊಂಡು ಬಾಗಿಲನ್ನು ಪಕ್ಕಕ್ಕೆ ತಂದ. ಮನುಷ್ಯ ಹೇಗೆ ಒಳಗೆ ಬರುತ್ತಾನೆ ಎಂದು ಯೋಚಿಸಿದ ಅಪರೂಪದ ನಿರ್ಧಾರ ಅದು. ಹೊರಮೈಯನ್ನು ಹಾಡಿ ಹೊಗಳಿದವರು ಆ ಬಾಗಿಲಿಗೆ, ಅದರ ಕೆಳಗಿನ ಮೆಟ್ಟಿಲಿಗೆ ಅಷ್ಟೇ ಗಮನ ಕೊಟ್ಟಿದ್ದರೆ ಉದ್ಯಮದ ಕಣ್ಣೂ ಅತ್ತ ಹೊರಳುತ್ತಿತ್ತು.

ದಾರಿ ಇಲ್ಲವೆಂದಲ್ಲ. ಟ್ರೇಲರು ನಿಲ್ಲಿಸುವಾಗ ಬಾಗಿಲ ಬದಿ ಏರುನೆಲಕ್ಕೆ ಬರುವಂತೆ ನೋಡಿಕೊಳ್ಳಬಹುದು. ಆಗ ದಿಮ್ಮಿ ಎದುರು ಬದಿಗೆ ಬೀಳುತ್ತದೆ. ಮಟ್ಟ ಮಾಡಿದ ಮೇಲೆ ಕೊನೆಯ ಏರನ್ನು ಅಳೆದು, ಅದು ಹೆಚ್ಚಿದ್ದರೆ ಮೆಟ್ಟಿಲ ಕಾಲೂ ಮನುಷ್ಯನ ಕಾಲೂ ಒಟ್ಟಿಗೆ ಊರುವಷ್ಟು ಅಗಲದ ಗಟ್ಟಿ ಮರದ ಕಟ್ಟೆಯನ್ನು ಹಾಸಿ ಸಮ ಮಾಡಬಹುದು. ಪ್ರತಿ ಹಲಗೆಯ ಅಂಚಿಗೂ, ಆ ಕಟ್ಟೆಯ ಅಂಚಿಗೂ ಎದ್ದು ಕಾಣುವ ಬಣ್ಣದ ಒರಟು ಪಟ್ಟಿ ಬೇಕು. ಅಂಚು ಮಡಚಿಕೊಳ್ಳುವ ಚಾಪೆ ಕೆಳತುದಿಯಲ್ಲಿ ಬೇಡ. ದೀಪ ಬಾಗಿಲ ಮೇಲಿದ್ದರೆ ಇಳಿಯುವವರ ನೆರಳೇ ಮೆಟ್ಟಿಲ ಮೇಲೆ ಬೀಳುತ್ತದೆ, ಆದ್ದರಿಂದ ಅದು ಕೆಳಗಿರಬೇಕು. ಸಾಮಾನನ್ನು ಇಳಿದ ಮೇಲೆ ಒಳಗಿದ್ದವರಿಂದ ಈಸಿಕೊಳ್ಳಬೇಕು. ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ನಿಲ್ಲುವವರು ಹೊಸ್ತಿಲ ಮಟ್ಟಕ್ಕೆ ಕಟ್ಟೆ ಇಟ್ಟು, ಎರಡೂ ಬದಿ ಕೈಹಿಡಿ ಇರುವ ಬಿಡಿ ಮೆಟ್ಟಿಲು ಹಾಕಿಸುವುದು ಎಲ್ಲಕ್ಕಿಂತ ಮೇಲು. ಇವೆಲ್ಲ ಬಳಸುವವರು ಮಾಡಿಕೊಳ್ಳುವ ರಿಪೇರಿ. ಕಂಪನಿಗಳು ಮಾಡಬೇಕಾದದ್ದು ಬೇರೆ: ಎತ್ತರದ ವ್ಯತ್ಯಾಸವನ್ನು ಎಲ್ಲ ಏರುಗಳಿಗೂ ಹಂಚುವ ಮೆಟ್ಟಿಲು, ಮೆಟ್ಟಿಲ ಜೊತೆಗೇ ಬಿಚ್ಚಿಕೊಳ್ಳುವ ಜೋಡಿ ಕೈಹಿಡಿ. ಕೀಲು, ಸರಳುಗಳಲ್ಲಿ ಇಷ್ಟು ಕೈಪಳಗಿದ ಉದ್ಯಮಕ್ಕೆ ಇದು ಮೀರಿದ ಕೆಲಸವೆಂದು ನಾನು ಒಪ್ಪಲಾರೆ.

ಅಲ್ಲಿಯವರೆಗೆ ನನ್ನ ತೀರ್ಪು ಇದು. ಕಾಲೂರಿ ನಿಲ್ಲುವ ಮೆಟ್ಟಿಲು ಒಳ್ಳೆಯ ಲೋಹಗೆಲಸ, ಅರೆಬರೆ ಮೆಟ್ಟಿಲು. ಅದನ್ನು ಕೊಳ್ಳುವವರು ಅಂಗಡಿಯ ಸಿಮೆಂಟು ನೆಲದ ಮೇಲೆ ಹತ್ತಿ ನೋಡಿ ಒಪ್ಪಬಾರದು. ಟೇಪು ಹಿಡಿದು ಮೊದಲ ಏರು, ಕೊನೆಯ ಏರು ಅಳೆಯಲಿ. ಕೊನೆಯ ಹಲಗೆಯ ಮೇಲೆ ನಿಂತು, ತಿರುಗದೆ ಬಾಗದೆ ಕೈಗೆ ಏನು ಸಿಗುತ್ತದೆ ಎಂದು ನೋಡಲಿ. ಏನೂ ಸಿಗದಿದ್ದರೆ, ಅದೆಷ್ಟೇ ಗಟ್ಟಿಯಾಗಿ ನಿಂತಿದ್ದರೂ, ಕೈಹಿಡಿ ಹಾಕಿಸುವವರೆಗೆ ಹಣ ಕೊಡಬೇಕಿಲ್ಲ.